ಸಭಾಂಗಣವನ್ನು ಪರದೆಗೆ ತುರುಕಬೇಡಿ

(ಮಾನವಿಕ ವಿಷಯಗಳ ಆನ್‌ಲೈನ್ ಉಪನ್ಯಾಸಗಳನ್ನು ನಡೆಸುವವರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರಹಕ್ಕಾಗಿ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಪರಿಚಯವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಮೊದಲು ಥ್ಯಾಂಕ್ಸ್. ಪರಿಚಯ ಭಾಷಣಗಳ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಅದನ್ನು ಆಮೇಲೆ ಹೇಳುತ್ತೇನೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆಯಿತು. ಆಮೇಲೆ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಜೂಮ್ ಕಂಪನಿಯೇ ಕೊಟ್ಟ ಲೆಕ್ಕ ಹೀಗಿದೆ: 2019ರ ಡಿಸೆಂಬರ್‌ನಲ್ಲಿ ದಿನವೊಂದಕ್ಕೆ ಹೆಚ್ಚೆಂದರೆ 1 ಕೋಟಿ ಜನ ಅದರ ಮೀಟಿಂಗ್‌ಗಳಿಗೆ ಸೇರುತ್ತಿದ್ದರು. 2020ರ ಮಾರ್ಚ್‌ನಲ್ಲಿ ಅದು 20 ಕೋಟಿ ದಾಟಿತು. ಆ ನೂಕುನುಗ್ಗಲಿನಲ್ಲಿ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ ವಿಭಾಗಗಳೂ ಇದ್ದವು. ನಿಗದಿಯಾಗಿದ್ದ ಉಪನ್ಯಾಸಗಳನ್ನು, ಲೇಖಕರು ತಮ್ಮ ಬರಹವನ್ನು ತಾವೇ ಓದಿ ಕೇಳಿಸುವ 'ಓದು'ಗಳನ್ನು ರದ್ದು ಮಾಡುವ ಬದಲು ಒಂದು ಲಿಂಕ್ ಕಳಿಸಿದರು. ವೇದಿಕೆ ಇದ್ದ ಜಾಗಕ್ಕೆ ಒಂದು ಕಿಟಕಿ ಬಂತು. ಉಳಿದದ್ದೆಲ್ಲ ಹಾಗೇ ಉಳಿಯಿತು. ಅದೇ ಸ್ವಾಗತ, ಅದೇ ಉದ್ದದ ಪರಿಚಯ, ಅದೇ ಒಂದು ಗಂಟೆಯ ಭಾಷಣ, ಕೊನೆಗೆ ಸಮಯವಿದ್ದರೆ ಪ್ರಶ್ನೆ.

ಅದು ಯಾರಿಗೂ ಹಿಡಿಸಲಿಲ್ಲ. ಹಿಡಿಸದಿದ್ದಾಗ ಎಲ್ಲರೂ ಪರದೆಯನ್ನು ಬೈದರು. 'ಎದುರಾಎದುರು ಕೂತು ಕೇಳಿದ ಹಾಗೆ ಇಲ್ಲಪ್ಪ' ಅಂದರು. ನಿಜ, ಹಾಗಿರುವುದಿಲ್ಲ. ಹಾಗಿರಬೇಕು ಅಂತ ಹಟ ಹಿಡಿದದ್ದೇ ತಪ್ಪು. ಇದು ನನ್ನ ವಾದ. ಪರದೆಯ ಮೇಲಿನ ಓದು ಬೇರೆ ಜಾತಿಯದು. ವೇದಿಕೆಗಿಂತ ಅದು ರೇಡಿಯೋಗೆ ಹತ್ತಿರ. ಹಾಗೆ ನಡೆಸಿದರೆ ಚೆನ್ನಾಗಿ ಬರುತ್ತದೆ.

ದೂರದಿಂದ ಉಪನ್ಯಾಸ ಕೊಡುವುದು 2020ರಲ್ಲಿ ಶುರುವಾದದ್ದಲ್ಲ. ಬಿಬಿಸಿ ರೇಡಿಯೋದ ರೀತ್ ಉಪನ್ಯಾಸಗಳು 1948ರಲ್ಲಿ ಆರಂಭವಾದವು. ಮೊದಲ ಉಪನ್ಯಾಸಕಾರ ತತ್ವಜ್ಞಾನಿ ಬರ್ಟ್ರಂಡ್ ರಸೆಲ್. ಕಣ್ಣಿಗೆ ಕಾಣದ ಕೇಳುಗರಿಗಾಗಿಯೇ ಬರೆದ ಉಪನ್ಯಾಸಗಳು ಅವು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರ ಜನವರಿಯಲ್ಲಿ ಟೀವಿ, ರೇಡಿಯೋ ಮೂಲಕ ಪಾಠ ಶುರು ಮಾಡಿತು. ಇನ್ನು ಸಾಹಿತ್ಯಕ್ಕೆ ಬಂದರೆ ನೊಬೆಲ್ ಪ್ರಶಸ್ತಿ ಪಡೆದವರು ಸ್ಟಾಕ್‌ಹೋಮ್‌ನಲ್ಲಿ ಕೊಡುವ ಉಪನ್ಯಾಸಗಳನ್ನೇ ನೋಡಿ. 2004ರಲ್ಲಿ ಆಸ್ಟ್ರಿಯಾದ ಲೇಖಕಿ ಎಲ್ಫ್ರೀಡೆ ಯೆಲಿನೆಕ್ ಅಲ್ಲಿಗೆ ಹೋಗಲಿಲ್ಲ. ಜನಜಂಗುಳಿಯ ನಡುವೆ ಇರುವುದು ಅವರಿಗೆ ಆಗುವುದಿಲ್ಲ. ಅವರ ಉಪನ್ಯಾಸದ ವೀಡಿಯೋ ತೋರಿಸಿದರು. ಮರುವರ್ಷ ಬ್ರಿಟನ್ನಿನ ನಾಟಕಕಾರ ಹೆರಾಲ್ಡ್ ಪಿಂಟರ್ ಅನಾರೋಗ್ಯದಿಂದ ಹೋಗಲಾಗಲಿಲ್ಲ. ಅವರದೂ ಮೊದಲೇ ಚಿತ್ರೀಕರಿಸಿದ ಉಪನ್ಯಾಸ. 2013ರಲ್ಲಿ ಕೆನಡಾದ ಕಥೆಗಾರ್ತಿ ಆಲಿಸ್ ಮನ್ರೋ ಉಪನ್ಯಾಸವನ್ನೇ ಕೈಬಿಟ್ಟರು. ಅದರ ಬದಲು ಒಂದು ಸಂಭಾಷಣೆಯ ವೀಡಿಯೋ ಬಂತು.

ಪಿಂಟರ್ ವೀಡಿಯೋ ನೀವು ನೋಡಿಲ್ಲದಿದ್ದರೆ ದಯವಿಟ್ಟು ನೋಡಿ. ಗಾಲಿಕುರ್ಚಿಯಲ್ಲಿ ಕೂತಿದ್ದಾರೆ. ಮೊಣಕಾಲ ಮೇಲೆ ಒಂದು ಕಂಬಳಿ. ದನಿ ಗೊಗ್ಗರಾಗಿದೆ. ಮುಕ್ಕಾಲು ಗಂಟೆ ನೇರ ಕ್ಯಾಮೆರಾಕ್ಕೆ ಮಾತಾಡುತ್ತಾರೆ. ಎದುರು ಜನರಿದ್ದಾರೆ ಅಂತ ನಟಿಸುವುದಿಲ್ಲ, ಚಪ್ಪಾಳೆಗೆ ಕಾಯುವುದಿಲ್ಲ. ಒಬ್ಬನೇ ಒಬ್ಬ ಕೇಳುಗನ ಜೊತೆ ಜಗಳಕ್ಕೆ ಕೂತ ಹಾಗಿದೆ. ಅವರು ಬದುಕೆಲ್ಲ ನಾಟಕ ಬರೆದವರು, ನಟಿಸಿದವರು, ರೇಡಿಯೋಗೂ ಬರೆದವರು. ಯಾವ ಮಾಧ್ಯಮ ಏನು ಕೇಳುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

'ಆದರೆ ಲೇಖಕ ಎದುರಿಗಿರುವ ಅನುಭವವೇ ಬೇರೆ' ಅನ್ನುವವರಿಗೆ ಒಂದು ವಿಷಯ ನೆನಪಿಸುತ್ತೇನೆ. 1956ರಲ್ಲಿ ಕವಿ ಟಿ. ಎಸ್. ಎಲಿಯಟ್ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ವಿಮರ್ಶೆಯ ಬಗ್ಗೆ ಮಾತಾಡಿದರು. ಜಾಗ ಬಾಸ್ಕೆಟ್‌ಬಾಲ್ ಆಡುವ ಕ್ರೀಡಾಂಗಣ. ಸೇರಿದ್ದವರು ಸುಮಾರು 14,000 ಜನ. ವಿಮರ್ಶೆಯ ಉಪನ್ಯಾಸಕ್ಕೆ! ಹಿಂದಿನ ಸಾಲಿನಲ್ಲಿ ಕೂತವನಿಗೆ ಎಲಿಯಟ್ ಎಷ್ಟು ಕಂಡಿರಬಹುದು? ಬೆರಳ ತುದಿಯಷ್ಟು. ಕೇಳಿದ್ದು ಲೌಡ್‌ಸ್ಪೀಕರ್ ದನಿ. ಇವತ್ತು ಒಬ್ಬ ಕವಿ ಪರದೆಯ ಮೇಲೆ ಓದಿದರೆ ನಮಗೆ ಅವರ ಹುಬ್ಬು ಕಾಣುತ್ತದೆ, ಪುಟ ಮಗುಚುವ ಕೈ ಕಾಣುತ್ತದೆ, ಕಷ್ಟದ ಸಾಲಿಗೆ ಮುಂಚೆ ಎಳೆದುಕೊಂಡ ಉಸಿರು ಕೇಳುತ್ತದೆ. ಯಾವುದು ಹತ್ತಿರ, ಯಾವುದು ದೂರ?

ಎಲಿಯಟ್ ಭಾಷಣಕ್ಕೆ ಹೋದವರಿಗೆ ಇನ್ನೊಂದು ಸಿಕ್ಕಿತ್ತು. ಪಕ್ಕದಲ್ಲಿ 14,000 ಜನ. ಅದು ಪರದೆಯಲ್ಲಿ ಸಿಗುವುದಿಲ್ಲ. ನಾವು ಕಳೆದುಕೊಂಡದ್ದು ಲೇಖಕರನ್ನಲ್ಲ, ಪಕ್ಕದ ಕುರ್ಚಿಯವರನ್ನು. ಇದು ತಲೆಯಲ್ಲಿದ್ದರೆ ಕಾರ್ಯಕ್ರಮ ಹೇಗೆ ಕಟ್ಟಬೇಕು ಅನ್ನುವುದು ಬದಲಾಗುತ್ತದೆ.

ಈಗ ಸ್ವಲ್ಪ ತಾಂತ್ರಿಕ ವಿಷಯ. ಜಾಸ್ತಿ ಎಳೆಯುವುದಿಲ್ಲ.

ಇಬ್ಬರು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಸಮಯ ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು. ಅಂದರೆ ಸೆಕೆಂಡಿನ ಐದನೇ ಒಂದು ಭಾಗ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆ ಬೇರೆ ಖಂಡಗಳ 10 ಭಾಷೆಗಳನ್ನು ಹೋಲಿಸಿ ನೋಡಿತು. ಎಲ್ಲ ಕಡೆ ಹೆಚ್ಚುಕಡಿಮೆ ಹೀಗೇ ಇತ್ತು. ಈಗ ನೆಟ್‌ವರ್ಕ್ ನೋಡಿ. ಒಂದು ಕಡೆಯಿಂದ ಹೊರಟ ದನಿ ಇನ್ನೊಂದು ಕಡೆ ತಲುಪಲು 150 ಮಿಲಿಸೆಕೆಂಡ್ ಮೀರಬಾರದು ಎಂಬುದು ದೂರಸಂಪರ್ಕದವರ ಹಳೆಯ ಅಳತೆ. ನಡೆಯುವುದು ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ಹೋಗಿ ಬರುವಷ್ಟರಲ್ಲಿ ಆ 200 ಮಿಲಿಸೆಕೆಂಡ್ ಲೆಕ್ಕವೆಲ್ಲ ತಲೆಕೆಳಗು. ಅದಕ್ಕೇ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡುತ್ತೀವಿ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತೀವಿ, 'ಹೇಳಿ ಹೇಳಿ', 'ಇಲ್ಲ, ನೀವೇ ಹೇಳಿ'. ನಮ್ಮ ಸೌಜನ್ಯದಲ್ಲಿ ಕೊರತೆಯಿಲ್ಲ. ಲೈನಿನಲ್ಲಿದೆ.

ಇದರ ಪರಿಣಾಮ ಎಲ್ಲಿ ಕಾಣುತ್ತದೆ? ವೇದಿಕೆಯ ಮೇಲೆ ಚೆನ್ನಾಗಿ ನಡೆಯುವ ಚುರುಕು ಸಂವಾದ ಪರದೆಯ ಮೇಲೆ ಸೊರಗುತ್ತದೆ. ನಾಲ್ಕು ಜನರನ್ನು ಕೂರಿಸಿ 'ಚರ್ಚೆ' ಮಾಡಿಸುವುದು ಆನ್‌ಲೈನಿನಲ್ಲಿ ಅತ್ಯಂತ ಕೆಟ್ಟ ಆಯ್ಕೆ. ಒಬ್ಬರು ಓದಿ ಇನ್ನೊಬ್ಬರು ಪ್ರಶ್ನೆ ಕೇಳುವುದು ಪರವಾಗಿಲ್ಲ. ಒಬ್ಬರೇ ಓದುವುದು ಎಲ್ಲಕ್ಕಿಂತ ಚೆನ್ನ. ಓದುವವರಿಗೆ ಆ ಸೆಕೆಂಡಿನ ಚೂರು ಕಾಡುವುದೇ ಇಲ್ಲ.

ಕಾಡುವುದು ಮೌನ. ಒಬ್ಬ ಕಥೆಗಾರ್ತಿ ಓದುವುದನ್ನು ನಾನು ಹತ್ತಿರದಿಂದ ನೋಡಿದೆ. ಕಾರ್ಯಕ್ರಮಕ್ಕೆ ಮುಂಚೆ ರಿಹರ್ಸಲ್ ಮಾಡುತ್ತಿದ್ದರು. ಕಥೆಯಲ್ಲಿ ಒಂದು ನಗು ತರಿಸುವ ಸಾಲು ಇತ್ತು. ಅದನ್ನು ಓದಿ ತಲೆ ಎತ್ತಿ ಒಂದು ಕ್ಷಣ ನಿಂತರು, ಅಭ್ಯಾಸಬಲದಿಂದ. ಎಲ್ಲರೂ ಮ್ಯೂಟ್‌ನಲ್ಲಿದ್ದೆವು. ಪರದೆಯಲ್ಲಿ ನಗುವ ಮುಖಗಳಿದ್ದವು, ದನಿ ಇರಲಿಲ್ಲ. ಅವರ ಓದಿನ ವೇಗ ತಕ್ಷಣ ಹೆಚ್ಚಿತು. ಮುಂದಿನ ಪುಟದಲ್ಲಿದ್ದ ಇನ್ನೊಂದು ತಮಾಷೆಯನ್ನು ಉಸಿರು ಬಿಡದೆ ದಾಟಿಬಿಟ್ಟರು. ಮೊದಲ ತಮಾಷೆ ಜನರಿಗೆ ತಾಗಲಿಲ್ಲ ಅಂತ ಅವರಿಗೆ ಆಗಲೇ ಖಾತ್ರಿಯಾಗಿತ್ತು.

ಪರಿಹಾರ ಸುಲಭ. ಮೂರು ಜನರ ಮೈಕ್ ಆನ್ ಇಡಿ. ಮೂವರೂ ಸದ್ದಿಲ್ಲದ ಕೋಣೆಯಲ್ಲಿ, ಇಯರ್‌ಫೋನ್ ಹಾಕಿಕೊಂಡು ಕೂತಿರಲಿ. ಅವರಿಗೆ ಒಂದೇ ಕೆಲಸ. ನಗು ಬಂದರೆ ನಗುವುದು, 'ಹೂಂ' ಅನ್ನಿಸಿದರೆ ಅನ್ನುವುದು. ಸುಮ್ನೆ ನಗುವ ನಾಟಕ ಬೇಡ, ಲೇಖಕರಿಗೆ ತಕ್ಷಣ ಗೊತ್ತಾಗುತ್ತದೆ. ಆ ಕಥೆಗಾರ್ತಿಯ ಕಾರ್ಯಕ್ರಮದಲ್ಲಿ ಹೀಗೇ ಮಾಡಿದೆವು. ಅದೇ ಸಾಲಿಗೆ ಒಬ್ಬರು ಮೂಗಿನಲ್ಲಿ ಪುಸಕ್ಕನೆ ನಕ್ಕರು. ಅಷ್ಟು ಸಾಕಾಯಿತು. ಅವರು ನಿಧಾನವಾದರು, ಎರಡನೇ ತಮಾಷೆಗೆ ಬೇಕಾದಷ್ಟು ಜಾಗ ಕೊಟ್ಟರು.

ಚಪ್ಪಾಳೆಯ ಗತಿ ಮಾತ್ರ ಬೇರೆ. ಈ ಸಾಫ್ಟ್‌ವೇರ್‌ಗಳು ಮನುಷ್ಯರ ಮಾತನ್ನು ಉಳಿಸಿ ಉಳಿದ ಸದ್ದನ್ನೆಲ್ಲ ಗದ್ದಲ ಅಂತ ಅಳಿಸುತ್ತವೆ. ಚಪ್ಪಾಳೆ, ಪುಟದ ಸದ್ದು, ತಂಬೂರಿ, ಎಲ್ಲವೂ ಅದರ ಲೆಕ್ಕದಲ್ಲಿ ಗದ್ದಲವೇ. ಐವತ್ತು ಜನ ಅನ್‌ಮ್ಯೂಟ್ ಮಾಡಿ ಚಪ್ಪಾಳೆ ತಟ್ಟಿದರೆ ಕೇಳುವುದು ಗಂಟಲು ಕಟ್ಟಿದವರು ಕೆಮ್ಮಿದ ಹಾಗೆ. ಕವಿ ಹಾಡುವವರಾದರೆ, ವಾದ್ಯ ಇದ್ದರೆ, ಜೂಮ್‌ನ ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಿಸಿ. ಇದನ್ನು ಯಾರೂ ಹೇಳುವುದಿಲ್ಲ. ಹೇಳದೆ ಎಷ್ಟು ಒಳ್ಳೆಯ ಹಾಡಿಕೆಗಳು ಹಾಳಾದವೋ.

ಅನುವಾದದ ಓದಿನಲ್ಲಿ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಕವಿ ಮೂಲ ಭಾಷೆಯಲ್ಲಿ ಓದುತ್ತಾರೆ, ಅನುವಾದಕರು ಅನುವಾದ ಓದುತ್ತಾರೆ. ಸಭೆಯಲ್ಲಾದರೆ ಕವಿಯ ಕೊನೆಯ ಸಾಲಿನ ಮೇಲೇ ಅನುವಾದಕರ ಮೊದಲ ಸಾಲು ಏರಬಹುದು. ಚೆನ್ನಾಗಿಯೂ ಇರುತ್ತದೆ. ಪರದೆಯಲ್ಲಿ ಎರಡು ದನಿ ಒಟ್ಟಿಗೆ ಬಂದರೆ ಸಾಫ್ಟ್‌ವೇರ್ ಒಂದನ್ನು ಎತ್ತಿ ಇನ್ನೊಂದನ್ನು ಅದುಮುತ್ತದೆ. ಹಾಗಾಗಿ ನಡುವೆ ಬೇಕೆಂದೇ ಎರಡು ಉಸಿರಿನಷ್ಟು ಬಿಡಿ. ಆ ಬಿಡುವಿನಲ್ಲಿ ಪರದೆಯ ಮೇಲೆ ಎರಡು ಪಠ್ಯವನ್ನೂ ಅಕ್ಕಪಕ್ಕ ತೋರಿಸಿ. ಮೂಲ ಲಿಪಿ ಓದಲು ಬಾರದವರೂ ಸಾಲುಗಳ ಉದ್ದ ನೋಡುತ್ತಾರೆ, ಒಂದೇ ಪದ ಎಲ್ಲೆಲ್ಲಿ ಮರಳಿ ಬಂದಿದೆ ಅಂತ ಹುಡುಕುತ್ತಾರೆ. ಸಭಾಂಗಣದಲ್ಲಿ ಇದಕ್ಕೆ ಕಾಗದದ ಪ್ರತಿ ಹಂಚಬೇಕಿತ್ತು. ಅದು ಅರ್ಧ ಜನಕ್ಕೆ ಸಿಗುತ್ತಿರಲಿಲ್ಲ.

ಒಂದು ಎಚ್ಚರಿಕೆ. ಕವಿತೆ ಓದುವಾಗ ಮೊದಲ ಸಲವೇ ಪಠ್ಯ ತೋರಿಸಬೇಡಿ. ಕಣ್ಣು ಕಿವಿಗಿಂತ ಮುಂದೆ ಓಡುತ್ತದೆ. ಕವಿ ಮೂರನೇ ಸಾಲಿನಲ್ಲಿದ್ದರೆ ನಾವು ಕೊನೆಯ ಸಾಲು ಓದಿ ಮುಗಿಸಿ ಕಾಯುತ್ತಾ ಕೂತಿರುತ್ತೇವೆ. ಮೊದಲು ದನಿ, ಆಮೇಲೆ ಪಠ್ಯ ತೋರಿಸಿ ಇನ್ನೊಮ್ಮೆ ಓದು. ಒಂದೇ ಕವಿತೆಯನ್ನು ಎರಡು ಸಲ ಓದಲು ಹಿಂಜರಿಯಬೇಡಿ ಅಂತ ಕವಿಗಳಿಗೆ ಹೇಳಿ. ಕಿವುಡರಿಗೆ ಮತ್ತು ಕಡಿಮೆ ಕೇಳಿಸುವವರಿಗೆ ಮಾತ್ರ ಈ ನಿಯಮ ಬೇಡ. ಅವರಿಗೆ ಮೊದಲೇ ಪಠ್ಯ ಕಳಿಸಿ. ತಾನಾಗಿ ಬರುವ ಕ್ಯಾಪ್ಶನ್‌ಗಳು ಗದ್ಯಕ್ಕೆ ಹೇಗೋ ನಡೆಯುತ್ತವೆ. ಕವಿತೆಯನ್ನು, ಅದರಲ್ಲೂ ಹೆಸರುಗಳನ್ನು ಅವು ಚಿಂದಿ ಮಾಡುತ್ತವೆ.

ಈಗ ಚಾರ್ಲ್ಸ್ ಡಿಕನ್ಸ್ ವಿಷಯ. 1858ರಲ್ಲಿ ಅವರು ಟಿಕೆಟ್ ಇಟ್ಟು ತಮ್ಮ ಬರಹಗಳನ್ನು ಓದಲು ಶುರು ಮಾಡಿದರು. 1870ರಲ್ಲಿ ಸಾಯುವ ಕೆಲವೇ ತಿಂಗಳ ಮುಂಚಿನವರೆಗೂ ಓದಿದರು. ಅವರು ಪುಸ್ತಕ ಹಿಡಿದು ಹಾಗೇ ಓದುತ್ತಿರಲಿಲ್ಲ. ಓದಿಗೆಂದೇ ಬೇರೆ ಪ್ರತಿ ಮಾಡಿಕೊಂಡಿದ್ದರು. ಪುಟಗಟ್ಟಲೆ ಹೊಡೆದುಹಾಕಿ, ವಾಕ್ಯ ತಿದ್ದಿ, ಒತ್ತಿ ಹೇಳಬೇಕಾದಲ್ಲಿ ಗೆರೆ ಎಳೆದು, ಅಂಚಿನಲ್ಲಿ ದನಿ ಹೇಗಿರಬೇಕು ಅಂತ ಗುರುತು ಹಾಕಿಕೊಂಡಿದ್ದ ಪ್ರತಿ. ಓದಲು ಮೇಜನ್ನೂ ತಮಗೆ ಬೇಕಾದ ಹಾಗೆ ಮಾಡಿಸಿದ್ದರು. ಕೈಯಾಡುವುದು ಜನರಿಗೆ ಕಾಣಲಿ ಅಂತ.

ತನ್ನ ಕಾಲದ ದೊಡ್ಡ ಕಾದಂಬರಿಕಾರ ಅಷ್ಟು ಮಾಡುತ್ತಿದ್ದ. ನಮ್ಮ ಲೇಖಕರು ಕಾರ್ಯಕ್ರಮ ಶುರುವಾದ ಮೇಲೆ 'ಯಾವ ಭಾಗ ಓದಲಿ?' ಅಂತ ಪುಟ ತಿರುವುತ್ತಾರೆ. ಸಭೆಯಲ್ಲಿ ಅದು ಸರಳತೆಯಂತೆ ಕಾಣುತ್ತದೆ. ಪರದೆಯಲ್ಲಿ ಅದು ಬರೀ ತಲೆಯ ನೆತ್ತಿ. ಆನ್‌ಲೈನ್ ಓದಿಗೆ ಓದಿನ ಪ್ರತಿ ಬೇಕೇ ಬೇಕು. ಕಾದಂಬರಿಯಿಂದ ಓದುವುದಾದರೆ ಒಂದು ಸಲಕ್ಕೆ ಹತ್ತು ಹನ್ನೆರಡು ನಿಮಿಷ. ನಡುವೆ ಮಾತು, ಮತ್ತೆ ಓದು. ಪಾತ್ರಗಳು ಎರಡೋ ಮೂರೋ ಇರಲಿ. ಹಿಂದಿನ ಕಥೆ ಹೇಳಲು ಒಂದು ನಿಮಿಷ ಮೀರಿತು ಅಂದರೆ ಆಯ್ದ ಭಾಗ ತಪ್ಪು ಅಂತಲೇ ಅರ್ಥ.

'ಕ್ಯಾಮೆರಾ ನೋಡಿ ಓದಿ' ಅಂತ ಮಾತ್ರ ಲೇಖಕರಿಗೆ ಹೇಳಬೇಡಿ. ಪುಸ್ತಕ ನೋಡಿಯೇ ಓದಲಿ. ಓದುವವರನ್ನು ನೋಡುವುದರಲ್ಲಿ ಒಂದು ಸೊಗಸಿದೆ. ಅವರು ನಮ್ಮನ್ನು ನೋಡಲೇಬೇಕು ಅಂತೇನಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಜೂಮ್ ಆಯಾಸದ ಬಗ್ಗೆ ಬರೆದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಅಷ್ಟು ಹತ್ತಿರದ ಮುಖಗಳು ನಮ್ಮನ್ನೇ ದಿಟ್ಟಿಸುತ್ತಾ ಇರುವುದು. ನಮ್ಮ ಮುಖವನ್ನು ನಾವೇ ನೋಡುತ್ತಾ ಕೂರುವುದು ಇನ್ನೊಂದು. ಕದಲದೆ ಕೂರಬೇಕಾದದ್ದು ಮತ್ತೊಂದು. ಮುಖಭಾವ, ಸನ್ನೆಗಳನ್ನು ಪ್ರಯತ್ನಪಟ್ಟು ಓದಬೇಕಾದ ಶ್ರಮವನ್ನೂ ಅವರು ಸೇರಿಸಿದ್ದಾರೆ. ಮೊದಲ ಮೂರಕ್ಕೂ ನಾವು ಏನಾದರೂ ಮಾಡಬಹುದು. ಓದುವವರು ತಮ್ಮ ಚಿತ್ರವನ್ನು ತಮಗೆ ಕಾಣದ ಹಾಗೆ ಮರೆಮಾಡಿಕೊಳ್ಳಲಿ. ಕೇಳುವವರಿಗೆ 'ಕ್ಯಾಮೆರಾ ಆಫ್ ಮಾಡಿ, ಬೇಕಾದರೆ ಕಣ್ಣು ಮುಚ್ಚಿ, ಓಡಾಡುತ್ತಾ ಕೇಳಿ' ಅಂತ ಮೊದಲೇ ಹೇಳಿಬಿಡಿ. ನಾನು ಹೀಗೆ ಹೇಳಿದಾಗ ಕೆಲವು ಸಂಘಟಕರಿಗೆ ಕಸಿವಿಸಿಯಾಗುತ್ತದೆ. ಫೋಟೋದಲ್ಲಿ ತುಂಬಿದ ಮುಖಗಳು ಬೇಕಲ್ಲ, ವರದಿಗೆ ಹಾಕಲು.

ವರದಿ ಅಂದ ಕೂಡಲೇ ಪರಿಚಯ ಭಾಷಣ ನೆನಪಾಯಿತು. ಆನ್‌ಲೈನಿನಲ್ಲಿ ಜನ ಎದ್ದು ಹೋಗುವುದು ಯಾರಿಗೂ ಕಾಣುವುದಿಲ್ಲ. ಒಂದು ಬಟನ್ ಒತ್ತಿದರೆ ಆಯಿತು. ಲೇಖಕರ ಪ್ರಶಸ್ತಿಗಳ ಪಟ್ಟಿ ಓದಿ ಮುಗಿಸುವಷ್ಟರಲ್ಲಿ ಹಾಜರಿ ಸಂಖ್ಯೆ ಇಳಿಯುವುದನ್ನು ಹೋಸ್ಟ್ ಆಗಿ ಕೂತವರೆಲ್ಲ ಕಂಡಿದ್ದಾರೆ. ಆ ಪಟ್ಟಿ ಆಗಲೇ ಆಹ್ವಾನದ ಈಮೇಲ್‌ನಲ್ಲಿತ್ತು! ಲಿಂಕ್ ತೆರೆದ ಎರಡು ನಿಮಿಷದಲ್ಲಿ ಲೇಖಕರ ದನಿ ಕೇಳಬೇಕು. ಮೊದಲು ಒಂದು ಚಿಕ್ಕ ಕವಿತೆ ಓದಿಸಿ, ಸ್ವಾಗತ ಆಮೇಲೆ ಮಾಡಿ. ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಲೇಖಕರ ಓದಿನ ಬಗ್ಗೆ ಇಷ್ಟು ಹೊತ್ತು ಹೇಳಿದೆ. ವಿದ್ವಾಂಸರ ಉಪನ್ಯಾಸದ ಕಥೆ ಬೇರೆ, ಸ್ವಲ್ಪ ಕಷ್ಟದ್ದು. ಬರೆದು ತಂದ ಪ್ರಬಂಧವನ್ನು ಒಂದು ಗಂಟೆ ಓದುವ ಪದ್ಧತಿ ಸಭೆಯಲ್ಲೇ ಕುಂಟುತ್ತಿತ್ತು. ಪರದೆಯಲ್ಲಿ ಪೂರ್ತಿ ಬಿದ್ದುಹೋಯಿತು. ಪ್ರಬಂಧವನ್ನು ವಾರ ಮೊದಲೇ ಕಳಿಸಿಬಿಡಿ. ಉಪನ್ಯಾಸಕಾರರು ಇಪ್ಪತ್ತು ನಿಮಿಷ ಒಂದೇ ವಸ್ತುವನ್ನು ಇಟ್ಟುಕೊಂಡು ಮಾತಾಡಲಿ. ಒಂದು ಶಾಸನ, ಒಂದು ಹಸ್ತಪ್ರತಿಯ ಹಾಳೆ, ಒಂದು ಪದ್ಯ, ಒಂದು ಫೋಟೋ. ಇದರಲ್ಲಿ ಪರದೆಗೆ ಸಾಟಿಯಿಲ್ಲ. ಹಸ್ತಪ್ರತಿಯಲ್ಲಿ ಬರೆದವನು ಎಲ್ಲಿ ಹೊಡೆದುಹಾಕಿ ಮೇಲೆ ಬರೆದಿದ್ದಾನೆ ಅಂತ ಎಲ್ಲರೂ ಒಂದೇ ದೂರದಿಂದ ನೋಡಬಹುದು. ಸಭಾಂಗಣದಲ್ಲಿ ಅದು ಮೊದಲ ಸಾಲಿನವರ ಸೊತ್ತು.

ಮಾಧ್ಯಮವನ್ನೇ ಕೈಗೆತ್ತಿಕೊಂಡು ಆಟವಾಡಿದ ಒಂದು ಉದಾಹರಣೆ ಕೊಡುತ್ತೇನೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಲೇಖಕರು, ಕಲಾವಿದರು ಕೊಡುವ ನಾರ್ಟನ್ ಉಪನ್ಯಾಸಗಳು 1920ರ ದಶಕದಿಂದ ನಡೆಯುತ್ತಿವೆ. 2021ರಲ್ಲಿ ಕಲಾವಿದೆ ಲಾರಿ ಆ್ಯಂಡರ್ಸನ್ ಆರು ಉಪನ್ಯಾಸ ಕೊಟ್ಟರು, ಎಲ್ಲವೂ ಆನ್‌ಲೈನಿನಲ್ಲಿ. ಮುಖದ ಹಿಂದೆ ಹಾಕಿಕೊಳ್ಳುವ ಹುಸಿ ಹಿನ್ನೆಲೆ ಚಿತ್ರ ಇದೆಯಲ್ಲ, ಅದನ್ನು ಉಪನ್ಯಾಸದ ಶೀರ್ಷಿಕೆಯಲ್ಲೇ ಸೇರಿಸಿದರು, ಅದನ್ನೇ ಪ್ರದರ್ಶನದ ಭಾಗ ಮಾಡಿಕೊಂಡರು. ಎಲ್ಲರೂ ಹೀಗೆ ಮಾಡಲಿ ಅನ್ನುತ್ತಿಲ್ಲ. ಎಲ್ಲರೂ ಮಾಡಿದರೆ ತಲೆನೋವು. ಆದರೆ 'ಕ್ಷಮಿಸಿ, ನೇರವಾಗಿ ಭೇಟಿಯಾಗಲು ಆಗಲಿಲ್ಲ' ಅಂತ ಮಾತು ಶುರು ಮಾಡುವವರಿಗೂ ಅವರಿಗೂ ಇರುವ ವ್ಯತ್ಯಾಸ ನೋಡಿ.

ಪ್ರಶ್ನೋತ್ತರಕ್ಕೆ ಬರೋಣ. ನನ್ನ ಪ್ರಕಾರ ಆನ್‌ಲೈನ್ ಕಾರ್ಯಕ್ರಮದ ಅತ್ಯುತ್ತಮ ಭಾಗ ಇದು. ಸಭೆಯಲ್ಲಿ ಮೊದಲು ಕೈ ಎತ್ತುವವರು ಯಾರು? ಮುಂದಿನ ಸಾಲಿನ ಹಿರಿಯರು. 'ಇದು ಪ್ರಶ್ನೆಯಲ್ಲ, ಒಂದು ಅನಿಸಿಕೆ' ಅಂತ ಎದ್ದು ಏಳು ನಿಮಿಷ ಮಾತಾಡುವವರು. ಹಿಂದೆ ಕೂತ ಮೊದಲ ವರ್ಷದ ಹುಡುಗಿ ತನ್ನ ಪ್ರಶ್ನೆಯನ್ನು ಮನಸ್ಸಿನಲ್ಲಿ ತಿದ್ದುತ್ತಾ ತಿದ್ದುತ್ತಾ ಸಮಯ ಮುಗಿಯುತ್ತದೆ. ಚಾಟ್‌ನಲ್ಲಿ ಅವಳು ಬರೆಯುತ್ತಾಳೆ. 'ನೀವು ಆ ತಾಯಿ ಪಾತ್ರಕ್ಕೆ ಹೆಸರೇ ಕೊಟ್ಟಿಲ್ಲ, ಯಾಕೆ?' ಇಷ್ಟೇ. ನಾನು ಕೇಳಿದ ಒಳ್ಳೆಯ ಪ್ರಶ್ನೆಗಳೆಲ್ಲ ಹೀಗೆ ಒಂದು ಸಾಲಿನವು.

ಆದರೆ ನಿರೂಪಕರು ಇಲ್ಲೊಂದು ಅನ್ಯಾಯ ಮಾಡುತ್ತಾರೆ. ಹತ್ತು ಪ್ರಶ್ನೆ ಸೇರಿಸಿ, ನುಣುಪು ಮಾಡಿ, 'ಹಲವರು ನಿಮ್ಮ ಸ್ತ್ರೀ ಪಾತ್ರಗಳ ಬಗ್ಗೆ ಕೇಳಿದ್ದಾರೆ' ಅನ್ನುತ್ತಾರೆ. ಆ ಹುಡುಗಿಯ ಪ್ರಶ್ನೆ ಸತ್ತೇಹೋಯಿತು ಅಲ್ವಾ? ಬರೆದ ಹಾಗೇ ಓದಿ. ಇನ್ನೂ ಒಳ್ಳೆಯದು ಅಂದರೆ, ಕೇಳಿದವರಿಗೆ ಇಷ್ಟವಿದ್ದರೆ ಮೈಕ್ ಕೊಟ್ಟು ಅವರ ದನಿಯಲ್ಲೇ ಕೇಳಿಸಿ. ಹೆಸರಿಲ್ಲದೆ ಕೇಳುವ ಅವಕಾಶವೂ ಇರಲಿ, ಆದರೆ ನೇರ ಎಲ್ಲರಿಗೂ ಕಾಣದಿರಲಿ. ಒಬ್ಬರು ಮೊದಲು ನೋಡಿ, ಆಮೇಲೆ ಎಲ್ಲರಿಗೂ ತೋರಿಸಬೇಕು. 2020ರಲ್ಲಿ ಅಪರಿಚಿತರು ಲಿಂಕ್ ಹಿಡಿದು ನುಗ್ಗಿ ಅಸಹ್ಯ ಚಿತ್ರ, ಬೈಗುಳ ಹಾಕಿ ಎಷ್ಟೋ ಸಭೆಗಳನ್ನು ಕೆಡಿಸಿದರು. ಒಳಗೆ ಬಿಡುವ ತನಕ ಕಾಯಿಸುವ ವೇಟಿಂಗ್ ರೂಮ್, ನೋಂದಣಿ ಎಲ್ಲ ಆಮೇಲೆ ಅಭ್ಯಾಸವಾದವು.

ಕೊನೆಯದಾಗಿ ರೆಕಾರ್ಡಿಂಗ್. ಇದರ ಬಗ್ಗೆ ನನ್ನಲ್ಲಿ ಎರಡು ಮನಸ್ಸಿದೆ.

ಒಂದು ಕಡೆ ಅರ್ಜೆಂಟೀನಾದ ಲೇಖಕ ಬೋರ್ಹೆಸ್ ಪ್ರಸಂಗ. ಅವರು 1967-68ರಲ್ಲಿ ಹಾರ್ವರ್ಡ್‌ನಲ್ಲಿ ಇದೇ ನಾರ್ಟನ್ ಉಪನ್ಯಾಸ ಕೊಟ್ಟರು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಕೈಯಲ್ಲಿ ಟಿಪ್ಪಣಿ ಇಲ್ಲ. ನೆನಪಿನಿಂದಲೇ ಹಲವು ಭಾಷೆಗಳ ಸಾಲುಗಳನ್ನು ಹೇಳುತ್ತಾ ಮಾತಾಡಿದರು. ಆ ಧ್ವನಿಮುದ್ರಣ ಮೂವತ್ತು ವರ್ಷಕ್ಕೂ ಜಾಸ್ತಿ ಎಲ್ಲೋ ಮೂಲೆಯಲ್ಲಿ ಬಿದ್ದಿತ್ತು. ಪುಸ್ತಕವಾಗಿ ಬಂದದ್ದು 2000ದಲ್ಲಿ. ಅವತ್ತು ಯಾರೋ ಟೇಪ್ ಹಚ್ಚದಿದ್ದರೆ ಅದು ಇರುತ್ತಲೇ ಇರಲಿಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪೆನ್‌ಸೌಂಡ್ ಸಂಗ್ರಹ ಇನ್ನೊಂದು. 2005ರಿಂದ ಅಲ್ಲಿ ಕವಿಗಳ ಓದನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಅವರ ಜಾಣತನ ಒಂದು ಸಣ್ಣ ವಿಷಯದಲ್ಲಿದೆ. ಸಾಧ್ಯವಾದಲ್ಲೆಲ್ಲ ಪೂರ್ತಿ ಓದನ್ನು ಕತ್ತರಿಸಿ ಒಂದೊಂದು ಕವಿತೆಯನ್ನೂ ಬೇರೆ ಬೇರೆ ಫೈಲ್ ಮಾಡಿದ್ದಾರೆ. ಒಂದೂವರೆ ಗಂಟೆಯ ವೀಡಿಯೋ ಹಾಕಿದರೆ ಯಾರೂ ನೋಡುವುದಿಲ್ಲ. ಎರಡು ನಿಮಿಷದ ಕವಿತೆಯನ್ನು ಮೇಷ್ಟ್ರು ತರಗತಿಯಲ್ಲಿ ಹಾಕುತ್ತಾರೆ. ನಮ್ಮ ವಿಭಾಗಗಳು ಮಾಡಬೇಕಾದ ಕೆಲಸ ಇದು. ಎಡಿಟಿಂಗ್ ಗೊತ್ತಿರುವ ಒಬ್ಬ ವಿದ್ಯಾರ್ಥಿ ಒಂದು ಸಂಜೆಯಲ್ಲಿ ಮುಗಿಸುತ್ತಾನೆ.

ಇನ್ನೊಂದು ಕಡೆ, ಕೆಂಪು ಚುಕ್ಕೆ ಕಂಡ ಕೂಡಲೇ ಜನ ಬದಲಾಗುತ್ತಾರೆ. ಲೇಖಕರು ಇನ್ನೂ ಮುಗಿಯದ ಕಥೆ ಓದಲು ಹಿಂಜರಿಯುತ್ತಾರೆ, ಯಾಕೆಂದರೆ ಕಚ್ಚಾ ರೂಪವೇ ಶಾಶ್ವತವಾಗಿ ಉಳಿದುಬಿಡುತ್ತದೆ. ವಿದ್ಯಾರ್ಥಿಗಳು ಪ್ರಶ್ನೆ ನುಂಗಿಕೊಳ್ಳುತ್ತಾರೆ. ನನ್ನ ಸಲಹೆ ಇದು: ಓದನ್ನು ಮಾತ್ರ ರೆಕಾರ್ಡ್ ಮಾಡಿ. ಪ್ರಶ್ನೋತ್ತರ ಬಂದಾಗ ರೆಕಾರ್ಡಿಂಗ್ ನಿಲ್ಲಿಸಿ, ನಿಲ್ಲಿಸಿದ್ದೇವೆ ಅಂತ ಬಾಯಿಬಿಟ್ಟು ಹೇಳಿ. ಹೇಳಿದ ಮೇಲೆ ಚಾಟ್ ಹೇಗೆ ತುಂಬುತ್ತದೆ ನೋಡಿ. ಒಪ್ಪಿಗೆಯನ್ನು ಬರಹದಲ್ಲಿ, ಮೊದಲೇ ತೆಗೆದುಕೊಳ್ಳಿ. ಎಲ್ಲಿ ಹಾಕುತ್ತೀರಿ, ಎಷ್ಟು ಕಾಲ ಇರುತ್ತದೆ, ಬೇಡ ಅಂದರೆ ತೆಗೆಯುತ್ತೀರಾ, ಇವು ಮೂರೂ ಅದರಲ್ಲಿರಲಿ. ಪ್ರಕಾಶಕರ ಬಳಿ ಹಕ್ಕಿದ್ದರೆ ಅವರನ್ನೂ ಕೇಳಬೇಕು.

ನನ್ನ ಮಾತು ಇಷ್ಟೇ. ಈಗ ನಿಮ್ಮದು.

ಒಬ್ಬರು ಕೇಳಿದರು: ಪ್ರಯಾಣವಿಲ್ಲ, ವಸತಿಯಿಲ್ಲ, ಅಂದ ಮೇಲೆ ಲೇಖಕರಿಗೆ ಗೌರವಧನ ಕಡಿಮೆ ಕೊಟ್ಟರೆ ತಪ್ಪೇ?

ತಪ್ಪು. ಪ್ರಯಾಣದ ಖರ್ಚು ಉಳಿಯಿತು ನಿಜ. ಅದು ಲೇಖಕರಿಗೆ ಸೇರುವ ದುಡ್ಡೇ ಆಗಿರಲಿಲ್ಲ, ರೈಲಿಗೂ ವಿಮಾನಕ್ಕೂ ಹೋಗುತ್ತಿತ್ತು. ಓದಿಗೆ ತಯಾರಿ ಅಷ್ಟೇ ಬೇಕು. ಈಗ ನಾನು ಹೇಳಿದ್ದನ್ನೆಲ್ಲ ಮಾಡಿಸಿದರೆ ಇನ್ನೂ ಜಾಸ್ತಿ ಬೇಕು. ಒಂದು ಸಂಸ್ಥೆ ಒಬ್ಬ ಕವಿಗೆ 'ಮನೆಯಿಂದಲೇ ತಾನೆ, ಅರ್ಧ ಗಂಟೆ ಕೂತರೆ ಆಯಿತು' ಅಂತ ಬರೆದದ್ದನ್ನು ನಾನು ನೋಡಿದ್ದೇನೆ. ಆ ಕವಿ ಒಪ್ಪಿಕೊಂಡರು, ಪಾಪ. ಉಳಿದ ಪ್ರಯಾಣದ ಹಣದಲ್ಲಿ ಒಳ್ಳೆಯ ಮೈಕ್ ಒಂದನ್ನು ಕೊಂಡು ಲೇಖಕರ ಮನೆಗೆ ಕಳಿಸಿ. ಇಂಥ ಓದಿಗೆ ಬೆಳಕು, ಕ್ಯಾಮೆರಾಗಿಂತ ಮೈಕ್ ಮುಖ್ಯ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ದನಿ ಸರಿಯಾಗಿ ಕೇಳದಿದ್ದರೆ ಹೊರಟುಹೋಗುತ್ತಾರೆ.

ಇನ್ನೊಬ್ಬರ ಪ್ರಶ್ನೆ ಹೈಬ್ರಿಡ್ ಬಗ್ಗೆ: ಸಭೆಯಲ್ಲೂ ಜನ, ಆನ್‌ಲೈನಿನಲ್ಲೂ ಜನ. ಎರಡೂ ಸಿಕ್ಕಿತಲ್ಲ?

ಬಹಳ ಸಲ ಎರಡೂ ಕೆಡುತ್ತದೆ. ಸಭಾಂಗಣದ ಹಿಂಬದಿಯಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟು ಲಿಂಕ್ ಕಳಿಸಿದರೆ ಅದು ಹೈಬ್ರಿಡ್ ಅಲ್ಲ, ಕದ್ದು ಕೇಳಿಸಿದ ಹಾಗೆ. ಆನ್‌ಲೈನಿನಲ್ಲಿರುವವರಿಗೆ ಕುರ್ಚಿ ಎಳೆಯುವ ಸದ್ದು, ಗುಂಪಿನ ನಗು ಕೇಳುತ್ತದೆ, ಯಾಕೆ ನಕ್ಕರು ಅಂತ ಮಾತ್ರ ಕೇಳುವುದಿಲ್ಲ. ಮಾಡಲೇಬೇಕಾದರೆ ಅವರಿಗಾಗಿಯೇ ಒಬ್ಬರನ್ನು ಇಡಿ. ಬೇರೆ ಕೆಲಸ ಕೊಡಬೇಡಿ. ಲೇಖಕರ ಮೈಕ್‌ನಿಂದ ನೇರ ತಂತಿ ಎಳೆದು ಕಂಪ್ಯೂಟರ್‌ಗೆ ದನಿ ಕೊಡಿ. ಸಭೆಯಲ್ಲಿ ಪ್ರಶ್ನೆ ಕೇಳುವವರ ಕೈಗೂ ಮೈಕ್ ಕೊಡಿ, 'ನನ್ನ ದನಿ ಜೋರಾಗಿದೆ, ಮೈಕ್ ಬೇಡ' ಅನ್ನುವವರಿಗೂ ಕೊಡಿ. ಆಮೇಲೆ, ಮೊದಲ ಪ್ರಶ್ನೆ ಯಾವಾಗಲೂ ಆನ್‌ಲೈನ್ ಕಡೆಯಿಂದ ತೆಗೆದುಕೊಳ್ಳಿ. ಸಭೆಯವರು ಹೇಗೂ ಕಾರ್ಯಕ್ರಮ ಮುಗಿದ ಮೇಲೆ ಲೇಖಕರನ್ನು ಸುತ್ತುವರಿದು ಕೇಳುತ್ತಾರೆ. ಲಿಂಕ್ ಮುಚ್ಚಿದ ಮೇಲೆ ಆಚೆಯವರಿಗೆ ಆ ಅವಕಾಶ ಇಲ್ಲ.